ಜೀವಶಾಸ್ತ್ರದಲ್ಲಿ ಜೋಡಣೆಯ ಮಾತುಗಳು

ಗಿಡವೊಂದನ್ನು ಕಂಡು ಅದರ ಎಲೆ ಹಸಿರು, ಹೂವು ಕೆಂಪು, ಕಾಂಡ ಗಿಡ್ಡ ಎಂದು ಹೇಳುವುದು ಯಾರಿಗೂ ಕಷ್ಟವಲ್ಲ. ಆದರೆ ಆ ಎಲೆಗಳು ಕಾಂಡದ ಮೇಲೆ ಯಾವ ಕ್ರಮದಲ್ಲಿ ಕುಳಿತಿವೆ, ಮೊಗ್ಗಿನೊಳಗೆ ದಳಗಳು ಒಂದನ್ನೊಂದು ಹೇಗೆ ಹೊದ್ದಿವೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುವರು. ಕಣ್ಣಿಗೆ ಅದು ಕಂಡೇ ಇರುತ್ತದೆ. ಕಂಡುದನ್ನು ಹಿಡಿದಿಡಲು ತಕ್ಕ ಮಾತು ಸಿಗುವುದಿಲ್ಲ. ಬಣ್ಣವಾದರೋ ಬಿಸಿಲಿಗೆ ಮಾಸುವುದು. ಎತ್ತರವು ಮಣ್ಣಿನ ಸಾರವನ್ನು ಅನುಸರಿಸುವುದು. ಜೋಡಣೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಕಿಟಕಿಯ ಕುಂಡದಲ್ಲಿ ಗೇಣುದ್ದ ಬೆಳೆದ ತುಳಸಿಯಲ್ಲಿಯೂ ಊರಿನ ಅಂಗಳದ ಕಟ್ಟೆಯಲ್ಲಿ ಎದೆಯೆತ್ತರ ಬೆಳೆದ ತುಳಸಿಯಲ್ಲಿಯೂ ಎಲೆಗಳು ಎರಡೆರಡಾಗಿ ಎದುರುಬದುರಾಗಿಯೇ ಇರುವುವು. ಆದುದರಿಂದ ಸಸ್ಯವನ್ನು ಗುರುತಿಸಹೊರಟ ಶಾಸ್ತ್ರಜ್ಞನು ಬಣ್ಣಕ್ಕಿಂತ ಮೊದಲು ಜೋಡಣೆಯನ್ನು ನೋಡುವನು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡದ ಮೂಲಕ ವಿಜ್ಞಾನವನ್ನು ಓದುವ ನಮಗೆ ಈ ಮಾತುಗಳ ವಿಷಯದಲ್ಲಿ ಇನ್ನೂ ಒಂದು ಕಾರಣದಿಂದ ಎಚ್ಚರ ಬೇಕು. ಪುಣೆಯ ಬಾಲಭಾರತಿ ಸಂಸ್ಥೆ ಪ್ರಕಟಿಸುವ ಕನ್ನಡ ಪುಸ್ತಕಗಳಿಂದ ನಾವು ಕಲಿಯುವೆವು. ಬೀದಿಯಲ್ಲಿ, ಆಟದ ಬಯಲಿನಲ್ಲಿ ಮರಾಠಿ ಕೇಳುವೆವು. ಹತ್ತನೆಯ ತರಗತಿ ಮುಗಿಸಿ ಕಾಲೇಜಿನ ವಿಜ್ಞಾನ ಶಾಖೆಯನ್ನು ಸೇರಿದೊಡನೆ ಅದೇ ವಿಷಯ ಇಂಗ್ಲಿಷಿನಲ್ಲಿ ಎದುರಾಗುವುದು. ಪಾರಿಭಾಷಿಕ ಪದಗಳನ್ನು ಬರಿಯ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅಲ್ಲಿ ಎಲ್ಲವೂ ಅಪರಿಚಿತವೆನಿಸಿ, ಹತ್ತು ವರ್ಷ ಕಲಿತದ್ದು ವ್ಯರ್ಥವಾಯಿತೇನೋ ಎಂಬ ಅಳುಕು ಹುಟ್ಟುವುದು. ಪದವನ್ನು ಬಿಡಿಸಿ, ಅದು ಹೇಳುವ ಗಿಡದ ಮುಂದೆ ಹಿಡಿದು ನೋಡಿದವನಿಗೆ ಆ ಅಳುಕು ಇರಬೇಕಾಗಿಲ್ಲ. ಏಕೆಂದರೆ ಈ ಪದಗಳೆಲ್ಲ ಚಿತ್ರಗಳು. ಭಾಷೆ ಬದಲಾದರೂ ಬಹುಮಟ್ಟಿಗೆ ಚಿತ್ರ ಅದೇ.

ಸ್ವೀಡನ್ ದೇಶದ ಲಿನ್ನೇಯಸನು 1751ರಲ್ಲಿ ಪ್ರಕಟಿಸಿದ ‘ಫಿಲಾಸಫಿಯಾ ಬೊಟಾನಿಕಾ’ ಎಂಬ ಗ್ರಂಥದಲ್ಲಿ ಸಸ್ಯವರ್ಣನೆಯ ಲ್ಯಾಟಿನ್ ಪದಗಳಿಗೆ ಖಚಿತವಾದ ಅರ್ಥವನ್ನು ಗೊತ್ತುಮಾಡಿದನು. ಸಸ್ಯಶಾಸ್ತ್ರದ ಲ್ಯಾಟಿನ್ ಪದಗಳಲ್ಲಿ ಹಲವು ಮೊದಲು ರೋಮನರ ಮನೆಯ ಮಾತುಗಳೇ: ಹೆಂಚು, ಬಾಚಣಿಗೆ, ಬಾಗಿಲು, ಬಾವುಟ. ಕನ್ನಡದಲ್ಲಿ ಇಂತಹ ಕೆಲಸಕ್ಕೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆ ದಾರಿ ಮಾಡಿತು. ಮುಂದೆ ಶಿವರಾಮ ಕಾರಂತರು ವಿಜ್ಞಾನವನ್ನು ಕುರಿತು ಸಂಪುಟಗಳನ್ನೇ ಬರೆದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ ‘ಹಸಿರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಎಲೆ, ಹೂವು, ಕಾಯಿಗಳ ವರ್ಣನೆಯನ್ನು ಕಥೆಯಂತೆ ಓದಬಹುದೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ದೊರೆತಲ್ಲಿ ಓದಿರಿ.

ಇನ್ನು ಎಲೆಗೆ ಬರೋಣ. ಎಲೆಗಳು ಕಾಂಡದ ಮೇಲೆ ಇರುವ ಕ್ರಮಕ್ಕೆ ಪರ್ಣವಿನ್ಯಾಸವೆಂದು ಹೆಸರು. ಪರ್ಣವೆಂದರೆ ಎಲೆ, ವಿನ್ಯಾಸವೆಂದರೆ ಕ್ರಮವಾಗಿ ಇಡುವುದು. ಮರಾಠಿಯಲ್ಲಿಯೂ ಇದೇ ಪದ. ಇಂಗ್ಲಿಷಿನ ಫಿಲೊಟ್ಯಾಕ್ಸಿ ಎಂಬುದು ಗ್ರೀಕಿನ ಎರಡು ಪದಗಳ ಕೂಡಿಕೆ. ಮೊದಲನೆಯದು ಎಲೆ, ಎರಡನೆಯದು ಕ್ರಮ. ನಮ್ಮ ಪದವನ್ನು ಅರಿತವನು ಅದನ್ನೂ ಅರಿತಂತೆಯೇ.

ಎಲೆ ಹುಟ್ಟುವ ಜಾಗ ಗಿಣ್ಣು. ಕಬ್ಬನ್ನು ಸಿಗಿದು ತಿಂದವರಿಗೆ ಗಿಣ್ಣೆಂದರೇನೆಂದು ಹೇಳಬೇಕಾಗಿಲ್ಲ. ಒಂದು ಗಿಣ್ಣಿನಲ್ಲಿ ಒಂದೇ ಎಲೆಯಿದ್ದು, ಮುಂದಿನ ಗಿಣ್ಣಿನ ಎಲೆ ಬೇರೆ ಪಕ್ಕದಲ್ಲಿದ್ದರೆ ಅದು ಪರ್ಯಾಯ ಜೋಡಣೆ. ದಾಸವಾಳ, ವೀಳ್ಯದೆಲೆ, ಅರಳಿ, ರೈಲುಹಳಿಯ ಅಂಚಿನಲ್ಲಿ ತಾನಾಗಿ ಬೆಳೆಯುವ ಹರಳುಗಿಡ, ಇವೆಲ್ಲ ಈ ಬಗೆಯವು. ಪರ್ಯಾಯವೆಂದರೆ ಸರದಿ. ಉಡುಪಿಯ ಎಂಟು ಮಠಗಳು ಎರಡೆರಡು ವರ್ಷಗಳ ಸರದಿಯಲ್ಲಿ ಶ್ರೀಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುವುದನ್ನು ಪರ್ಯಾಯವೆಂದೇ ಕರೆಯುವರಲ್ಲವೆ? ಇಲ್ಲಿ ಸರದಿ ಎಲೆಗಳದು. ಮರಾಠಿಯ ಸಸ್ಯವರ್ಣನೆಗಳಲ್ಲಿ ಇದನ್ನು ‘ಏಕಾಆಡ ಏಕ’ ಎಂದು ಆಡುಮಾತಿನಲ್ಲಿಯೇ ಬರೆಯುವರು. ಕೇಳಿದೊಡನೆ ಅರ್ಥವಾಗುವ ಮಾತು.

ಒಂದೇ ಗಿಣ್ಣಿನಲ್ಲಿ ಎರಡು ಎಲೆಗಳು ಮುಖಾಮುಖಿಯಾಗಿದ್ದರೆ ಅಭಿಮುಖ ಜೋಡಣೆ. ತುಳಸಿ, ಎಕ್ಕ, ಮಲ್ಲಿಗೆ, ಯೇಊರ್ ಬೆಟ್ಟದ ತೇಗ ಇದಕ್ಕೆ ನಿದರ್ಶನ. ಮರಾಠಿಯವರು ‘ಸಮೋರಾಸಮೋರ’ ಎನ್ನುವರು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತುಳಸಿಯ ಕುಡಿಯನ್ನು ಮೇಲಿನಿಂದ ನೇರವಾಗಿ ನೋಡಿರಿ. ಒಂದು ಜೋಡಿ ಪೂರ್ವ ಪಶ್ಚಿಮಗಳಿಗೆ ಚಾಚಿದ್ದರೆ ಅದರ ಕೆಳಗಿನ ಜೋಡಿ ಉತ್ತರ ದಕ್ಷಿಣಗಳಿಗೆ ಚಾಚಿರುವುದು. ನಾಲ್ಕು ಎಲೆಗಳು ಸೇರಿ ರಂಗೋಲಿಯ ನಾಲ್ಕೆಸಳಿನ ಹೂವಿನಂತೆ ತೋರುವುವು. ಮೇಲಿನ ಎಲೆಯ ನೆರಳು ತನ್ನ ಕೆಳಗಿನ ಎಲೆಯ ಮೇಲೆ ನೇರವಾಗಿ ಬೀಳದು. ಇಂಗ್ಲಿಷಿನಲ್ಲಿ ಇದಕ್ಕೆ ಡೆಕಸೇಟ್ ಎಂಬ ಪದವಿದೆ. ರೋಮನರು ಹತ್ತು ಎಂಬ ಅಂಕಿಯನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಗೆರೆಗಳಿಂದ ಬರೆಯುತ್ತಿದ್ದರು. ಆ ಹತ್ತರ ಹೆಸರಿನಿಂದಲೇ ಈ ಪದ ಬಂದಿತು. ಕನ್ನಡದಲ್ಲಿ ಇದನ್ನು ಕತ್ತರಿಜೋಡಿ ಎಂದರೆ ತಪ್ಪಾಗದೆಂದು ನಮಗೆ ತೋರುವುದು. ರಥಸಪ್ತಮಿಯಂದು ಸ್ನಾನಕ್ಕಾಗಿ ಏಳು ಎಕ್ಕದೆಲೆಗಳನ್ನು ಕಿತ್ತು ತರುವಾಗ ಕೊಂಬೆಯನ್ನು ಒಮ್ಮೆ ಮೇಲಿನಿಂದ ನೋಡಿದರೆ ಕತ್ತರಿಜೋಡಿಯು ತುಳಸಿಗಿಂತಲೂ ಸ್ಪಷ್ಟವಾಗಿ ಕಾಣಿಸುವುದು. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮಾತ್ರ ಎಚ್ಚರ ವಹಿಸಬೇಕು.

ಒಂದು ಗಿಣ್ಣಿನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಎಲೆಗಳಿದ್ದರೆ ಆವರ್ತ ಜೋಡಣೆ ಎಂದು ಹೇಳುವ ರೂಢಿಯಿದೆ. ಈ ಪದ ನಮಗೆ ಅಷ್ಟಾಗಿ ಒಪ್ಪಿಗೆಯಾಗದು. ಆವರ್ತವೆಂದರೆ ನೀರಿನ ಸುಳಿ. ಸುಳಿಯೆಂದೊಡನೆ ಸುತ್ತಿಕೊಂಡು ಮೇಲೇರುವ ಅಥವಾ ಕೆಳಗಿಳಿಯುವ ಚಿತ್ರ ಮನಸ್ಸಿಗೆ ಬರುವುದು. ಇಲ್ಲಿಯಾದರೋ ಎಲೆಗಳು ಒಂದೇ ಮಟ್ಟದಲ್ಲಿ ಬಳೆಯಂತೆ ನಿಂತಿರುವುವು. ಬಳೆಜೋಡಣೆ ಎಂದರೆ ಚಿಕ್ಕ ಮಕ್ಕಳಿಗೂ ತಿಳಿಯುವುದು. ಪರೀಕ್ಷೆಯ ಕಾಗದದಲ್ಲಿ ಪಠ್ಯಪುಸ್ತಕದ ಪದವನ್ನೇ ಬರೆಯತಕ್ಕದ್ದು. ಮನಸ್ಸಿನಲ್ಲಿ ಬಳೆಯನ್ನು ಇಟ್ಟುಕೊಳ್ಳಬಹುದು. ಕಣಗಿಲೆಯಲ್ಲಿ ಬಳೆಗೆ ಮೂರು ಎಲೆಗಳು. ಹಾಲೆಮರದಲ್ಲಿ ನಾಲ್ಕರಿಂದ ಏಳು, ಕೆಲವೊಮ್ಮೆ ಇನ್ನೂ ಹೆಚ್ಚು. ಸಪ್ತಪರ್ಣವೆಂಬ ಸಂಸ್ಕೃತದ ಹೆಸರೂ ಸಾತವಿಣ ಎಂಬ ಮರಾಠಿಯ ಹೆಸರೂ ಏಳರ ಎಣಿಕೆಯನ್ನೇ ಹಿಡಿದಿವೆ. ನಮ್ಮ ನಗರಗಳ ರಸ್ತೆಬದಿಗಳಲ್ಲಿ ಈ ಮರವನ್ನು ಹೇರಳವಾಗಿ ನೆಟ್ಟಿದ್ದಾರೆ. ಮಳೆಗಾಲ ಕಳೆದ ಮೇಲೆ ಸಂಜೆಯ ಹೊತ್ತು ಅದರ ಹೂವಿನ ಗಾಢವಾದ ವಾಸನೆ ಬೀದಿಯನ್ನೆಲ್ಲ ತುಂಬುವುದು. ಅದರ ಶಾಸ್ತ್ರೀಯ ನಾಮದಲ್ಲಿ ಶಾಲೆಯನ್ನು ಸೂಚಿಸುವ ಸ್ಕೊಲಾರಿಸ್ ಎಂಬ ಪದವಿದೆ. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಈ ಮರದಿಂದ ಮಾಡುತ್ತಿದ್ದರು.

ಈ ಹಾಲೆಮರದ ವಿಷಯದಲ್ಲಿ ಜೋಡಣೆಯ ಮಾತು ಪ್ರಾಣದ ಮಾತೂ ಆಗುವುದು. ತುಳುನಾಡಿನಿಂದ ಬಂದು ಇಲ್ಲಿ ನೆಲೆಸಿದ ಮನೆಗಳವರಿಗೆ ಆಟಿ ಅಮಾವಾಸ್ಯೆಯ ಕಷಾಯ ಗೊತ್ತಿರುವುದು. ಆ ದಿನ ನಸುಕಿನಲ್ಲಿಯೇ ಪಾಲೆಮರದ, ಅಂದರೆ ಇದೇ ಹಾಲೆಯ, ತೊಗಟೆಯನ್ನು ಲೋಹ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು ರಸ ಮಾಡಿ ಕುಡಿಯುವ ಪದ್ಧತಿ ಅಲ್ಲಿದೆ. ಅದೇ ಸೀಮೆಯ ಕಾಡಿನಲ್ಲಿ ಕಾಸರಕನ ಮರವೂ ಬೆಳೆಯುವುದು. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ಘೋರವಾದ ವಿಷಗಳಿವೆ. ಕತ್ತಲಲ್ಲಿ ತೊಗಟೆಯನ್ನು ಮಾತ್ರ ತಡವಿ ನೋಡುವವನು ಮೋಸಹೋಗಬಹುದು. ಹಗಲಿನಲ್ಲಿ ಕೊಂಬೆಯನ್ನು ನೋಡಿದವನಿಗೆ ಸಂಶಯವೇ ಇಲ್ಲ: ಕಾಸರಕನಲ್ಲಿ ಗಿಣ್ಣಿಗೆ ಎರಡೇ ಎಲೆ, ಅಭಿಮುಖ, ಹಾಲೆಯಲ್ಲಿ ಬಳೆ. ಹಾಲೆಯನ್ನು ಗೀರಿದರೆ ಬಿಳಿಯ ಹಾಲು ಒಸರುವುದು, ಕಾಸರಕನಲ್ಲಿ ಒಸರದು. ತಿಳಿದ ಹಿರಿಯರು ಮುನ್ನಾದಿನವೇ ಮರವನ್ನು ನೋಡಿ ಗುರುತು ಮಾಡಿಡುವುದು ಇದಕ್ಕಾಗಿಯೇ. ವಿದ್ಯಾರ್ಥಿಗಳು ತಾವಾಗಿ ಯಾವ ಮರದ ತೊಗಟೆಯನ್ನೂ ಬಾಯಿಗಿಡತಕ್ಕದ್ದಲ್ಲ.

ಗುರುತಿಸುವಾಗ ಎರಡು ಕಡೆ ಕಣ್ಣು ಮೋಸಹೋಗುವುದುಂಟು. ಮಾವಿನ ಕೊಂಬೆಯ ತುದಿಯಲ್ಲಿ ಎಲೆಗಳು ಒತ್ತಾಗಿ ಕಿಕ್ಕಿರಿದಿರುವುದರಿಂದ ಅದು ಬಳೆಯಂತೆ ತೋರುವುದು. ತೋರಣಕ್ಕೆಂದು ಎಲೆಗಳನ್ನು ಒಂದೊಂದಾಗಿ ಬಿಡಿಸಿದರೆ ಪ್ರತಿಯೊಂದು ತೊಟ್ಟಿನ ಗುರುತೂ ಬೇರೆ ಬೇರೆ ಎತ್ತರದಲ್ಲಿರುವುದು ಕಂಡುಬರುವುದು. ಮಾವಿನದು ಪರ್ಯಾಯವೇ, ಗಿಣ್ಣುಗಳ ನಡುವಣ ಅಂತರ ಮಾತ್ರ ಬಹಳ ಕಡಿಮೆ. ಎರಡನೆಯ ಮೋಸ ಅಡಿಗೆಮನೆಯದು. ಒಗ್ಗರಣೆಗೆ ಕರಿಬೇವನ್ನು ತಂದು, ‘ಇದರ ಎಲೆಗಳು ಕಡ್ಡಿಯ ಎರಡೂ ಪಕ್ಕಗಳಲ್ಲಿ ಸಾಲಾಗಿವೆ, ಆದುದರಿಂದ ಇದು ಕೊಂಬೆ’ ಎಂದು ಹೇಳುವವರಿದ್ದಾರೆ. ಆ ಕಡ್ಡಿ ಕೊಂಬೆಯಲ್ಲ. ಅದೆಲ್ಲ ಸೇರಿ ಒಂದೇ ಎಲೆ. ನಾವು ಎಲೆಯೆಂದು ಕರೆಯುವುದು ಅದರ ಕಿರುಎಲೆ. ನಿರ್ಣಯಿಸುವ ಉಪಾಯ ಸುಲಭವಾದುದು: ಎಲೆಯ ಕಂಕುಳಲ್ಲಿ, ಅಂದರೆ ತೊಟ್ಟು ಕಾಂಡವನ್ನು ಕೂಡುವ ಮೂಲೆಯಲ್ಲಿ, ಒಂದು ಮೊಗ್ಗಿರುವುದು. ಕಿರುಎಲೆಯ ಬುಡದಲ್ಲಿ ಅದಿಲ್ಲ. ಕರಿಬೇವಿನ ಗಿಡದಲ್ಲಿ ಇಡೀ ಕಡ್ಡಿಯ ಬುಡದಲ್ಲಿಯೇ ಮೊಗ್ಗು ಸಿಗುವುದು. ಹೀಗೆ ಗರಿಯಂತೆ ಎರಡು ಪಕ್ಕಗಳಲ್ಲಿ ಕಿರುಎಲೆಗಳಿದ್ದರೆ ಗರಿರೂಪದ ಸಂಯುಕ್ತ ಎಲೆ. ಬೇವಿನದೂ ಹುಣಿಸೆಯದೂ ಹೀಗೆಯೇ. ‘ಒಂದು ಎಸಳು ಕರಿಬೇವು ಹಾಕು’ ಎಂದು ಹೇಳುವ ನಮ್ಮ ಗೃಹಿಣಿಯರು ಇಡೀ ಕಡ್ಡಿಯನ್ನು ಒಂದೆಂದು ಎಣಿಸುತ್ತ ಬಂದಿದ್ದಾರೆ. ಶಾಸ್ತ್ರದ ಎಣಿಕೆಯೂ ಅದೇ.

ಪರ್ಯಾಯ ಜೋಡಣೆಯಲ್ಲಿ ಲೆಕ್ಕಕ್ಕೂ ಸ್ಥಳವಿದೆ. ದಾಸವಾಳದ ಒಂದು ನೇರವಾದ ಕೊಂಬೆಯನ್ನು ತೆಗೆದುಕೊಂಡು ಕೆಳಗಿನ ಎಲೆಯ ಬುಡಕ್ಕೆ ದಾರವನ್ನು ಕಟ್ಟಿ, ಮೇಲಿನ ಒಂದೊಂದು ಎಲೆಯ ಬುಡವನ್ನೂ ಮುಟ್ಟಿಸುತ್ತ ಸುತ್ತಿರಿ. ಮೊದಲನೆಯ ಎಲೆಗೆ ನೇರವಾಗಿ ಮೇಲೆ ಬರುವ ಎಲೆಯನ್ನು ಮುಟ್ಟುವಷ್ಟರಲ್ಲಿ ದಾರವು ಕಾಂಡವನ್ನು 2 ಸುತ್ತು ಸುತ್ತಿ 5 ಎಲೆಗಳನ್ನು ದಾಟಿರುವುದು. ಇದನ್ನು 2/5 ಎಂದು ಬರೆಯುವರು. ಒಂದು ಎಲೆಗೂ ಮುಂದಿನ ಎಲೆಗೂ ನಡುವಣ ಕೋನ 360 ಅಂಶಗಳ 2/5, ಎಂದರೆ 144 ಅಂಶ. ಹುಲ್ಲಿನಲ್ಲಿಯೂ ಸೀತಾಫಲದಲ್ಲಿಯೂ ಎಲೆಗಳು ಎರಡೇ ಸಾಲಾಗಿರುವುವು, ಅಲ್ಲಿ 1/2. ಜೇಕಿನಲ್ಲಿ ಮೂರು ಸಾಲು, 1/3. ಜೇಕಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ಕೈಗೆ ತಾಗುವುವು. ಪಪ್ಪಾಯಿಯಲ್ಲಿ 3/8. ಎಲ್ಲ ಕೊಂಬೆಯಲ್ಲಿಯೂ ಲೆಕ್ಕ ಇಷ್ಟು ಚೊಕ್ಕವಾಗಿ ಬರುವುದೆಂದು ತಿಳಿಯಬಾರದು. ತಿರುಚಿದ ಕೊಂಬೆ ಮೋಸಮಾಡುವುದು.

1, 2, 3, 5, 8 ಎಂಬ ಈ ಸಂಖ್ಯೆಗಳನ್ನು ಕನ್ನಡ ವಿದ್ಯಾರ್ಥಿಗಳು ಬೇರೊಂದು ತರಗತಿಯಲ್ಲಿ ತಿಳಿಯದೆಯೇ ಮುಟ್ಟಿರುವರು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಮಾಡಬಹುದು? ಮೂರು ಲಘು, ಲಘು ಗುರು, ಗುರು ಲಘು: ಮೂರು ಬಗೆ. ನಾಲ್ಕು ಮಾತ್ರೆಯ ಗಣವನ್ನು ಐದು ಬಗೆಯಲ್ಲಿಯೂ ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿಯೂ ಮಾಡಬಹುದು. ಪದ್ಯದಲ್ಲಿ ಎಲ್ಲವೂ ಸೊಗಸಾಗವೆಂಬುದು ಬೇರೆಯ ಮಾತು. ಎಣಿಕೆಯ ಮಟ್ಟಿಗೆ ಇದು ಸರಿ. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು ಬರುವುದೆಂಬುದನ್ನು ಗುಜರಾತದ ಹೇಮಚಂದ್ರಾಚಾರ್ಯರು ಸುಮಾರು 1150ರಲ್ಲಿ ಮಾತ್ರೆಗಳ ಎಣಿಕೆಯಲ್ಲಿಯೇ ತೋರಿಸಿದರು. ಇಟಲಿಯ ಫಿಬೊನಾಚಿ ಎಂಬವನು ಮೊಲಗಳ ಲೆಕ್ಕದಲ್ಲಿ ಇದೇ ಸಂಖ್ಯೆಗಳನ್ನು ಬರೆದುದು 1202ರಲ್ಲಿ. ಅನಾನಸಿನ ಮೈಮೇಲಿನ ಕಣ್ಣುಗಳ ಓರೆಸಾಲುಗಳನ್ನು ಎಣಿಸಿದರೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 8, ಇನ್ನೊಂದು ದಿಕ್ಕಿಗೆ 13 ಸಿಗುವುವು.

ಗಿಡಕ್ಕೆ ಲೆಕ್ಕ ಬರುವುದೇ? ಇಲ್ಲ. ಜರ್ಮನಿಯ ಹೋಫ್‌ಮೈಸ್ಟರನು 1868ರಲ್ಲಿ ಹೇಳಿದಂತೆ, ಕುಡಿಯ ತುದಿಯಲ್ಲಿ ಹೊಸ ಎಲೆಯು ಹಳೆಯ ಎಲೆಗಳ ನಡುವೆ ಹೆಚ್ಚು ತೆರವಿರುವ ಜಾಗದಲ್ಲಿ ಮೂಡುವುದು. ಆಕ್ಸಿನ್ ಎಂಬ ಬೆಳವಣಿಗೆಯ ರಸವನ್ನು ಹಳೆಯ ಎಲೆಮೊಳಕೆಗಳು ತಮ್ಮ ಕಡೆಗೆ ಸೆಳೆದುಕೊಳ್ಳುವುದರಿಂದ ಅವುಗಳ ಸುತ್ತ ಅದು ಕಡಿಮೆಯಾಗಿ, ದೂರದಲ್ಲಿ ಅದು ಕೂಡಿದ ಕಡೆ ಮುಂದಿನ ಎಲೆ ಹುಟ್ಟುವುದೆಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಫ್ರಾನ್ಸಿನ ದುವಾದಿ ಮತ್ತು ಕೂದೆ ಎಂಬ ವಿಜ್ಞಾನಿಗಳು 1992ರಲ್ಲಿ ಒಂದನ್ನೊಂದು ದೂರ ತಳ್ಳುವ ಕಾಂತದ್ರವದ ಹನಿಗಳನ್ನು ಒಂದೊಂದಾಗಿ ತಟ್ಟೆಗೆ ಬೀಳಿಸಿ, ಜೀವವಿಲ್ಲದ ಆ ಹನಿಗಳಿಂದಲೂ ಇದೇ ಸುರುಳಿಗಳನ್ನು ಪಡೆದರು.

ಎಲೆಯನ್ನು ಬಿಟ್ಟು ಮೊಗ್ಗಿಗೆ ಹೋಗೋಣ. ಮೊಗ್ಗಿನಲ್ಲಿ ದಳಗಳು ಮಡಿಸಿಕೊಂಡಿರುವ ಕ್ರಮ ದಳವಿನ್ಯಾಸ. ದಾಸವಾಳದ ದೊಡ್ಡ ಮೊಗ್ಗನ್ನು ಅಡ್ಡಲಾಗಿ ಕೊಯ್ದರೆ ಪ್ರತಿಯೊಂದು ದಳವೂ ಒಂದು ಪಕ್ಕದ ದಳವನ್ನು ಹೊದಿಸಿ, ಇನ್ನೊಂದು ಪಕ್ಕದ ದಳದಿಂದ ತಾನು ಹೊದಿಸಿಕೊಂಡಿರುವುದು ಕಾಣುವುದು. ಇದು ತಿರುಚು ವಿನ್ಯಾಸ. ಬೆಂಡೆ, ಹತ್ತಿಗಳಲ್ಲಿಯೂ ಇದುಂಟು. ಎಕ್ಕದ ಮೊಗ್ಗಿನಲ್ಲಿ ದಳಗಳ ಅಂಚುಗಳು ಮುಚ್ಚಿದ ಬಾಗಿಲಿನ ಹಲಗೆಗಳಂತೆ ಕೂಡಿರುವುವೇ ಹೊರತು ಒಂದರ ಮೇಲೊಂದು ಏರವು. ಇದಕ್ಕೆ ಕವಾಟ ವಿನ್ಯಾಸವೆಂಬ ಹೆಸರು ಒಪ್ಪುವುದು. ಇಂಗ್ಲಿಷಿನ ವಾಲ್ವೇಟ್ ಎಂಬುದರ ಮೂಲದಲ್ಲಿಯೂ ಬಾಗಿಲೇ ಇದೆ. ಅವರೆ, ಬಟಾಣಿಗಳಲ್ಲಿ ಒಂದು ದೊಡ್ಡ ದಳ ಬಾವುಟದಂತೆ ಉಳಿದೆಲ್ಲವನ್ನೂ ಮುಚ್ಚುವುದು.

ಕಕ್ಕೆ, ಗುಲ್‌ಮೊಹರುಗಳಲ್ಲಿ ದಳಗಳು ಒಂದರ ಮೇಲೊಂದು ಏರಿದ್ದರೂ ಒಂದೇ ದಿಕ್ಕಿನ ಸರದಿಯಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಇಂಬ್ರಿಕೇಟ್ ಎನ್ನುವರು. ಲ್ಯಾಟಿನ್ನಿನಲ್ಲಿ ಇಂಬ್ರೆಕ್ಸ್ ಎಂದರೆ ಮಾಡಿನ ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆಯನ್ನು ತೆರೆದ ಮಂಗಳೂರಿನಿಂದ ದೇಶವಿದೇಶಗಳಿಗೆ ಹೆಂಚು ಹೋದುದನ್ನು ಬಲ್ಲ ನಮಗೆ ಹೆಂಚುಜೋಡಣೆ ಎಂಬ ಮಾತು ಹೊಸದೆನಿಸದು. ಮಾಡಿನಲ್ಲಿ ಮೇಲಿನ ಹೆಂಚಿನ ಅಂಚು ಕೆಳಗಿನ ಹೆಂಚಿನ ಮೇಲೆ ಬಂದಿರುವುದರಿಂದ ಮಳೆಯ ನೀರು ಒಳಗೆ ಇಳಿಯದೆ ಹರಿದುಹೋಗುವುದು. ಮೀನಿನ ಹುರುಪೆಯೂ ಹೀಗೆಯೇ ಜೋಡಿಸಿದೆ. ಪ್ರತಿಯೊಂದರ ಅಂಚು ಬಾಲದ ಕಡೆಗಿದೆ. ಆದುದರಿಂದ ಮೀನು ಮುಂದಕ್ಕೆ ಈಜುವಾಗ ನೀರು ತಡೆಯಿಲ್ಲದೆ ಜಾರುವುದು. ಮಾರುಕಟ್ಟೆಯ ಮೀನುಗಾರ್ತಿಯು ಚೂರಿಯನ್ನು ಬಾಲದಿಂದ ತಲೆಯ ಕಡೆಗೆ ಎಳೆದು ಹುರುಪೆ ತೆಗೆಯುವುದು ಈ ಜೋಡಣೆಯನ್ನು ಅರಿತೇ.

ಪ್ರಾಣಿದೇಹದಲ್ಲಿ ದಿಕ್ಕಿನ ಮಾತುಗಳೂ ಸೇರುವುವು. ಹೃದಯದ ಚಿತ್ರದಲ್ಲಿ ಬಲ ಹೃತ್ಕರ್ಣವನ್ನು ಕಾಗದದ ಎಡಭಾಗದಲ್ಲಿ ಗುರುತಿಸಿರುವುದನ್ನು ಕಂಡು ಅಚ್ಚಿನ ದೋಷವೆಂದು ತಿಳಿದು, ತಿದ್ದಿ ಬರೆದು, ಅಂಕಗಳನ್ನು ಕಳೆದುಕೊಳ್ಳುವವರು ಪ್ರತಿವರ್ಷವೂ ಇರುವರು. ಎಡಬಲಗಳು ನೋಡುವವನವಲ್ಲ, ಆ ದೇಹದವು. ನಮಗೆ ಎದುರಾಗಿ ನಿಂತವನ ಬಲಗೈ ನಮ್ಮ ಎಡಕ್ಕಿರುವುದಷ್ಟೆ.

ಕೊನೆಯದಾಗಿ ನಮ್ಮ ಖಾಡಿಯ ಕಡೆಗೆ. ಠಾಣೆ ಖಾಡಿಯ ಒಂದು ಭಾಗವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಅದು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಐರೋಲಿಯ ಸಾಗರ ಜೀವವೈವಿಧ್ಯ ಕೇಂದ್ರಕ್ಕೆ ಹೋದವರು ಅಲ್ಲಿ ಉಪ್ಪಟ್ಟಿ ಮರವನ್ನು ಹತ್ತಿರದಿಂದ ನೋಡಬಹುದು. ಅದರ ಎಲೆ ಅಭಿಮುಖ, ಕತ್ತರಿಜೋಡಿ. ಕೆಸರಿನಲ್ಲಿ ಪೆನ್ಸಿಲುಗಳನ್ನು ನೆಟ್ಟಂತೆ ಮೇಲೆದ್ದಿರುವುವು ಅದರ ಉಸಿರುಬೇರುಗಳು. ಅವು ಚೆಲ್ಲಾಪಿಲ್ಲಿಯಾಗಿರುವಂತೆ ತೋರಿದರೂ ಒಂದು ಮರದ ಸುತ್ತ ಗಮನವಿಟ್ಟು ನೋಡಿದರೆ ಬುಡದಿಂದ ಹೊರಟ ಸಾಲುಗಳು ಕಾಣುವುವು. ನೆಲದೊಳಗೆ ಚಕ್ರದ ಅರೆಕಾಲುಗಳಂತೆ ಹರಡಿದ ಬೇರುಗಳಿಂದ ಅವು ಹುಟ್ಟಿವೆ. ಚಳಿಗಾಲದಲ್ಲಿ ಅದೇ ಕೆಸರಿಗೆ ರಾಜಹಂಸಗಳು ಇಳಿಯುವುವು. ಅವು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ನಾಲಗೆಯಿಂದ ನೀರನ್ನು ಒಳಗೆ ಎಳೆದು ಹೊರಗೆ ತಳ್ಳುವುವು. ಕೊಕ್ಕಿನ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲುಸಾಲಾಗಿ ಜೋಡಿಸಿದ ತೆಳುವಾದ ಪದರಗಳಿವೆ. ಆಹಾರ ಅಲ್ಲಿ ತಡೆಯುವುದು. ಇಲ್ಲಿಗೆ ಬರುವ ಎರಡು ಜಾತಿಗಳಲ್ಲಿ ದೊಡ್ಡದರ ಬಾಚಣಿಗೆ ವಿರಳ, ಚಿಕ್ಕದರದು ದಟ್ಟ. ದೊಡ್ಡದು ಸಿಗಡಿಯಂತಹ ಚಿಕ್ಕ ಜೀವಿಗಳನ್ನು ಹಿಡಿಯುವುದು, ಚಿಕ್ಕದು ಕಣ್ಣಿಗೆ ಕಾಣದ ಪಾಚಿಯನ್ನು ಸೋಸುವುದು. ಆದುದರಿಂದ ಎರಡೂ ಒಂದೇ ನೀರಿನಲ್ಲಿ ನಿಂತು ಮೇಯಬಲ್ಲುವು.